ಎರಡು ಅಡ್ಡಗೆರೆ

ಫೆಬ್ರವರಿ. ಗೋಣಿಕೊಪ್ಪದ ಕಾಫಿ ಡಿಪೋ ಎದುರು
ಚೆರಿ ಮೂಟೆ ಹೊತ್ತ ಜೀಪುಗಳ ಸಾಲು.
ತಕ್ಕಡಿಯ ಪಕ್ಕ ನನ್ನ ಮೇಜು,
ಕೀಲಿಮಣೆಯ ಸಂದಿಗೆಲ್ಲ ಕಾಫಿ ಹೊಟ್ಟಿನ ಧೂಳು.

ರಸೀದಿ ಬರೆಯುವ ಸ್ಕ್ರಿಪ್ಟು ನನ್ನದೇ,
ಮೂರು ರಾತ್ರಿ ಕೂತು ಬರೆದದ್ದು.
ಅದನ್ನು ಓಡಿಸುವವ ಮಾತ್ರ ಬೇರೆ,
ಹೆಸರು ಕೂಗಿದರೆ ಸಾಕು, ಮೂಲೆಯಲ್ಲಿ ಮಲಗಿದ್ದನ್ನು
ಎಬ್ಬಿಸಿ ಕೆಲಸಕ್ಕೆ ಹಚ್ಚುವ ಮೇಸ್ತ್ರಿ.

'ಓಡಿಸು ರಸೀದಿ' ಎಂದೆ. ಓಡಿತು.
'ಓಡಿಸು ರಸೀದಿ --ಬಗೆ=ರೊಬಸ್ಟಾ' ಎಂದೆ. ಓಡಿತು.
ಆಗಲೂ ಓಡಿತಲ್ಲ, ಅದೇ ಮೋಸ.
ಮೇಸ್ತ್ರಿ ಅದು ತನಗೇ ಹೇಳಿದ ಮಾತೆಂದುಕೊಂಡ,
ತನಗೆ ಬೇಕಿಲ್ಲವೆಂದು ಜೇಬಿಗಿಳಿಸಿದ,
ಒಂದು ಸಲ ಕೆಮ್ಮಲೂ ಇಲ್ಲ.
ಒಳಗೆ ಸ್ಕ್ರಿಪ್ಟು ಬರಿಗೈಯಲ್ಲಿ ಕಾದು,
ಏನೂ ಹೇಳದೆ ಹೋದವರಿಗೆಂದು ನಾನೇ ಇಟ್ಟಿದ್ದ
ಮಾಮೂಲು ಉತ್ತರ ತೆಗೆದು ಬರೆಯಿತು:
ಅರೇಬಿಕಾ ಪಾರ್ಚ್‌ಮೆಂಟ್.

ಹನ್ನೊಂದರ ಹೊತ್ತಿಗೆ ಕುಂಬೇರಿಯಂಡ ಮಂದಣ್ಣ ತಿರುಗಿ ಬಂದರು.
ಚೀಟಿ ಮೇಜಿನ ಮೇಲಿಟ್ಟು ಬೆರಳಿಂದ ತಟ್ಟಿದರು.
'ನಮ್ಮ ತೋಟದ ಅರೇಬಿಕಾ
ಅಪ್ಪನ ಕಾಲಕ್ಕೇ ಕಾಂಡಕೊರಕ ತಿಂದು ಮುಗಿಯಿತು ಮಗಳೇ.
ಇದು ಯಾರ ಕಾಫಿ?'
ದರ ಎರಡರಷ್ಟಿತ್ತು. ಆ ಮಾತೇ ಎತ್ತಲಿಲ್ಲ.
ಬೆಳಗಿನಿಂದ ಹದಿನೇಳು ಚೀಟಿ ಹೋಗಿದ್ದವು.
ತಿರುಗಿ ಬಂದದ್ದು ಇದೊಂದೇ.

ತಿದ್ದಲು ಹೋದೆ, ಹೊಸ ರಗಳೆ.
ಹೆಸರಿನ ನಡುವೆ ಒಂದು ಖಾಲಿ ಜಾಗವಿದ್ದದ್ದಕ್ಕೆ
ಕುಂಬೇರಿಯಂಡ ಒಬ್ಬ, ಮಂದಣ್ಣ ಇನ್ನೊಬ್ಬ.
ಮನೆತನ ಒಂದು ಜೀಪಿನಲ್ಲಿ, ಮನುಷ್ಯ ಇನ್ನೊಂದರಲ್ಲಿ
ಬೇರೆ ಬೇರೆ ಮೂಟೆ ತಂದಂತಾಯಿತು.
ಅವರು ನಕ್ಕರು. 'ಪಾಲಾದಾಗಲೂ ಇಷ್ಟು ಬೇಗ ಆಗಿರಲಿಲ್ಲ.'

ಊಟದ ಡಬ್ಬಿ ಬಿಚ್ಚುವಾಗ ಹೊಳೆಯಿತು.
ಅಣ್ಣ ಪೊನ್ನಂಪೇಟೆಯ ಹಾಸ್ಟೆಲಿನಲ್ಲಿದ್ದ ವರ್ಷಗಳಲ್ಲಿ
ಶ್ರೀಮಂಗಲದಿಂದ ಅವ್ವ ಕುಟ್ಟದ ಬಸ್ಸಿಗೆ ಕೊಡುತ್ತಿದ್ದ
ಕಡುಬಿನ ಡಬ್ಬಿ.
ಕಂಡಕ್ಟರ್ ಮೊಯ್ದು ಒಳ್ಳೆಯವ,
ಆದರೆ ಹೇಳಿದ್ದೆಲ್ಲ ತನಗೇ ಹೇಳಿದ್ದೆಂದುಕೊಳ್ಳುವವ.
'ಚಳಿ ಜಾಸ್ತಿ, ಸ್ವೆಟರ್ ಹಾಕ್ಕೋಬೇಕು ಅಂತ ಹೇಳು' ಅಂದರೆ
ಮರುದಿನ ತಾನೇ ಸ್ವೆಟರ್ ಹಾಕಿ ಬರುತ್ತಿದ್ದ.
ಅವ್ವ ಬೈಯಲಿಲ್ಲ. ಡಬ್ಬಿಗೆ ಸುತ್ತುವ ಕಾಗದದ ತಲೆಯಲ್ಲಿ
'ಮೊಯ್ದು, ಹಾಸ್ಟೆಲ್ ಗೇಟು, ಮಾದಪ್ಪನ ಕೈಗೆ' ಎಂದು ಬರೆದು
ಅದರ ಕೆಳಗೆ ಪೆನ್ಸಿಲಿಂದ ಎಳೆದಳು

--

ಆಮೇಲೆ ಏನು ಬರೆದಳೋ, ನನಗೂ ತೋರಿಸಲಿಲ್ಲ.
'ಗೆರೆಯಿಂದಾಚೆ ನಂದಲ್ಲಮ್ಮಾ' ಎಂದ ಮೊಯ್ದು,
ಟಿಕೆಟ್ ಬ್ಯಾಗಿನ ಒಳಜೇಬಿಗೆ ಮಡಿಸಿಟ್ಟು ಸೀಟಿ ಊದಿದ.

ಕೈ ತೊಳೆಯದೆ ಎಡಗೈಯಲ್ಲೇ ಟೈಪಿಸಿದೆ:
ಓಡಿಸು ರಸೀದಿ -- --ಬಗೆ=ರೊಬಸ್ಟಾ --ಹೆಸರು="ಕುಂಬೇರಿಯಂಡ ಮಂದಣ್ಣ"
ಮೇಸ್ತ್ರಿ ಗೆರೆಯವರೆಗೆ ಬಂದ, ನಿಂತ,
ಉಳಿದದ್ದನ್ನು ಬಿಚ್ಚದೆ ಒಳಕ್ಕೆ ದಾಟಿಸಿದ.
ಪ್ರಿಂಟರು ಕರಕರ ಎಂದಿತು.
ಅರ್ಧಕ್ಕಿಳಿದ ದರವನ್ನು ಮಂದಣ್ಣ ಕನ್ನಡಕ ಹಾಕಿ
ಕೊನೆಯ ಪೈಸೆವರೆಗೆ ಓದಿದರು.
'ಹಾಂ. ಇದು ನಂದು.'

ಉಳಿದ ಹದಿನಾರು ಮಂದಿಗೆ ಫೋನು.
ಎತ್ತಿದ್ದು ಒಬ್ಬರ ಹೆಂಡತಿ, ಒಬ್ಬರ ರೈಟರು,
ಒಂದು ಕಡೆ ರೈಟರಿಗೆ ಹೇಳುತ್ತೇನೆಂದ ಡ್ರೈವರು.
ಒಬ್ಬೊಬ್ಬರು ನಡುವೆ ನಿಂತಷ್ಟೂ
ಇನ್ನೆರಡು ಗೆರೆ ಬೇಕು,
ಬಾಯಿಮಾತಿನಲ್ಲಿ ಅದನ್ನು ಎಳೆಯುವುದು ಎಲ್ಲಿ?

ಸಂಜೆ ಅಣ್ಣನಿಗೂ ಮಾಡಿದೆ.
'ಗೆರೆ ಕೆಳಗೆ ಅವ್ವ ಏನು ಬರೀತಿದ್ದಳು?'
ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.
'ಸ್ವೆಟರ್ ಹಾಕ್ಕೋ.
ಡಬ್ಬಿ ತರೋ ಮೊಯ್ದುಗೆ ಎರಡು ಕಡುಬು ಕೊಡು,
ನಾ ಹೇಳಿದ್ದು ಅನ್ನಬೇಡ.'

ಹೊರಗೆ ಇನ್ನೊಂದು ಜೀಪು ಹಾರ್ನ್ ಹೊಡೆಯುತ್ತಿತ್ತು.